ಅಂಗಳವೂ ಒಂದು ಕಸುಬು: ಕಲಿಕೆ ಕಲ್ಲು–ಮಣ್ಣಿನಿಂದಲೇ ಆರಂಭವಾಗಲಿ

ಕಟ್ಟಡವೊಂದು ಪೂರ್ಣಗೊಂಡು ಗೃಹಪ್ರವೇಶದ ದಿನ ಗೊತ್ತಾದ ಮೇಲೆ ಮಾಲೀಕನಿಗೆ ನೆನಪಾಗುವ ಕಟ್ಟಕಡೆಯ ಕೆಲಸವೆಂದರೆ ಮನೆಯ ಮುಂದಿನ ಅಂಗಳ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣ ಮುಗಿದಿರುತ್ತದೆ, ದಿನವೂ ಉಳಿದಿರುವುದಿಲ್ಲ. ಮಿಕ್ಕ ಜಲ್ಲಿಯನ್ನು ಹರಡಿ, ಅದರ ಮೇಲೆ ಇಷ್ಟು ಎಂ-ಸ್ಯಾಂಡ್ ಸುರಿದು, ಪೇವರ್ ಇಟ್ಟಿಗೆಗಳನ್ನು ಜೋಡಿಸಿ, ಅಂಚಿನಲ್ಲಿ ನಾಲ್ಕು ಗಿಡ ನೆಟ್ಟರೆ ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. ಮೊದಲ ಮುಂಗಾರಿನಲ್ಲಿ ಗೇಟಿನ ಬಳಿ ನೀರು ನಿಲ್ಲುತ್ತದೆ. ಎರಡನೆಯ ಮುಂಗಾರಿನ ಹೊತ್ತಿಗೆ ಕಾರಿನ ಚಕ್ರ ಹಾಯುವ ಜಾಗ ಕುಸಿಯುತ್ತದೆ. ಮೂರನೆಯ ವರ್ಷ ಮಾಲೀಕನು ಪೇವರ್ ಮಾರಿದ ವರ್ತಕನ ಅಂಗಡಿಗೆ ಬಂದು, ಸರಕು ಸರಿಯಿಲ್ಲವೆಂದು ದೂರುತ್ತಾನೆ. ಸರಕು ಸರಿಯಾಗಿಯೇ ಇತ್ತು. ಅದನ್ನು ಹಾಸಿದ ಕೈಗೆ ನೆಲದ ಪರಿಚಯವಿರಲಿಲ್ಲ, ಅಷ್ಟೆ.

ಮನೆಯಂಗಳಕ್ಕೆ ಅನ್ವಯಿಸುವ ಈ ಮಾತು ಕಲ್ಯಾಣಮಂಟಪ, ಶಾಲೆ, ಪೆಟ್ರೋಲ್ ಬಂಕ್, ಅಕ್ಕಿ ಗಿರಣಿ, ರೆಸಾರ್ಟ್ ಹಾಗೂ ಹೊಸ ಬಡಾವಣೆಗಳ ಉದ್ಯಾನಗಳಿಗೂ ಅನ್ವಯಿಸುತ್ತದೆ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಲ್ಲು, ಇಟ್ಟಿಗೆ, ಜಲ್ಲಿ, ಸಿಮೆಂಟ್ ಬ್ಲಾಕ್, ಗಿಡ ಮತ್ತು ಗೊಬ್ಬರಗಳ ವ್ಯಾಪಾರ ಮಾಡುವವರಿಗೆ ಕೊರತೆಯಿಲ್ಲ. ಆದರೆ ಈ ಎಲ್ಲ ಸರಕುಗಳನ್ನು ಒಂದು ನೆಲದ ಮೇಲೆ ಹೊಂದಿಸಿ, ನೀರಿಗೆ ದಾರಿ, ಮನುಷ್ಯನಿಗೆ ನೆರಳು, ವಾಹನಕ್ಕೆ ಭದ್ರವಾದ ನೆಲೆ ಒದಗಿಸಬಲ್ಲ ಕಸುಬುದಾರರು ವಿರಳ. ಭೂದೃಶ್ಯ ವಿನ್ಯಾಸ, ಅಥವಾ ವ್ಯವಹಾರದಲ್ಲಿ ಲ್ಯಾಂಡ್‌ಸ್ಕೇಪಿಂಗ್ ಎನಿಸಿಕೊಂಡ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ಬಂದಾಗ ಬೆಂಗಳೂರು ಇಲ್ಲವೇ ಮೈಸೂರಿನ ಗುತ್ತಿಗೆದಾರರನ್ನು ಹುಡುಕುವುದೇ ರೂಢಿಯಾಗಿದೆ. ಸ್ಥಳೀಯ ವರ್ತಕನು ಲೋಡಿನ ಲೆಕ್ಕದಲ್ಲಿ ಸರಕು ಕಳುಹಿಸುತ್ತಾನೆ. ವಿನ್ಯಾಸದ ಬೆಲೆ, ಕೌಶಲದ ಕೂಲಿ ಮತ್ತು ನಿರ್ವಹಣೆಯ ವಾರ್ಷಿಕ ಕರಾರುಗಳು ಜಿಲ್ಲೆಯ ಗಡಿ ದಾಟಿ ಹೋಗುತ್ತವೆ.

ಈ ಕಸುಬನ್ನು ಇಲ್ಲಿಯೇ, ಇಲ್ಲಿನ ಸಾಮಗ್ರಿಗಳ ಮೇಲೆಯೇ ಕೈಯಿಟ್ಟು ಕಲಿಸುವ ಏರ್ಪಾಡು ಆಗಬೇಕಾಗಿದೆ. ಅದರ ಹೊಣೆಯನ್ನು ಸರ್ಕಾರದ ಕಡೆಗೆ ಮಾತ್ರ ತೋರಿಸದೆ ವರ್ತಕರು ಮತ್ತು ಸಣ್ಣ ಉದ್ದಿಮೆದಾರರೇ ವಹಿಸಿಕೊಳ್ಳುವುದು ಅವರ ಹಿತಕ್ಕೂ ಒಳ್ಳೆಯದು.

ಹೆದ್ದಾರಿ ಕಲಿಸಿದ ಪಾಠ

ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಪ್ರಯಾಣದ ಅವಧಿ ಕಡಿಮೆಯಾಯಿತು. ಅದರೊಡನೆ ಮದ್ದೂರು ಮತ್ತು ಮಂಡ್ಯ ಪಟ್ಟಣಗಳ ನಡುವಿನಿಂದ ಹಾದುಹೋಗುತ್ತಿದ್ದ ವಾಹನಗಳು ಬೈಪಾಸ್ ಹಿಡಿದವು. ಹಳೆಯ ರಸ್ತೆಯ ಇಕ್ಕೆಲಗಳಲ್ಲಿ ದಾರಿಹೋಕರನ್ನೇ ನಂಬಿದ್ದ ಹೋಟೆಲು, ಎಳನೀರು, ತಿಂಡಿತಿನಿಸಿನ ವ್ಯಾಪಾರಕ್ಕೆ ಪೆಟ್ಟು ಬಿದ್ದುದನ್ನು ಈ ಭಾಗದ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಾರಿಯಲ್ಲಿ ಹೋಗುವವರು ತಾವಾಗಿ ನಿಲ್ಲುತ್ತಾರೆಂಬ ನಂಬಿಕೆಯ ಮೇಲೆ ನಿಂತ ವ್ಯಾಪಾರವು ದಾರಿ ಬದಲಾದೊಡನೆ ಅಲುಗಾಡುತ್ತದೆ. ಊರಿನಲ್ಲಿಯೇ ನೆಲೆಗೊಂಡ ಕೌಶಲಕ್ಕೆ ಆ ಭಯವಿಲ್ಲ, ಗಿರಾಕಿಯೇ ಅದನ್ನು ಹುಡುಕಿಕೊಂಡು ಬರುತ್ತಾನೆ. ಸೋಮನಹಳ್ಳಿ, ಗೆಜ್ಜಲಗೆರೆ, ತೂಬಿನಕೆರೆಯ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಗಳ ಒಳರಸ್ತೆ, ಲಾರಿ ನಿಲುಗಡೆ, ಮಳೆನೀರಿನ ಚರಂಡಿ ಹಾಗೂ ಹಸಿರು ಅಂಚುಗಳ ಕೆಲಸ ಒಂದು ಸಲ ಮಾಡಿ ಮುಗಿಸುವಂಥದಲ್ಲ. ಅದು ವರ್ಷವರ್ಷವೂ ನಿರ್ವಹಣೆಯನ್ನು ಬೇಡುವ ಕೆಲಸ.

ಇದಕ್ಕಿಂತ ದೊಡ್ಡ ಸಂಗತಿಯೊಂದು ಜಿಲ್ಲೆಯ ಇನ್ನೊಂದು ಮೂಲೆಯಲ್ಲಿದೆ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ, 2,600 ಕೋಟಿ ರೂಪಾಯಿಗಳಿಗೂ ಮೀರಿದ ಅಂದಾಜಿನ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜುಲೈ ತಿಂಗಳಿನಲ್ಲಿ ಒಪ್ಪಿಗೆ ನೀಡಿತು. ಅಣೆಕಟ್ಟೆಯ ಸುರಕ್ಷತೆಯನ್ನು ಮುಂದಿಟ್ಟು ರೈತ ಸಂಘಟನೆಗಳು ವಿರೋಧವನ್ನೂ ವ್ಯಕ್ತಪಡಿಸಿವೆ. ಆ ಯೋಜನೆ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆದರೆ ಉದ್ಯಾನ ನಿರ್ಮಾಣದ ಯಾವುದೇ ದೊಡ್ಡ ಕೆಲಸ ಜಿಲ್ಲೆಗೆ ಬಂದಾಗ, ಕಲ್ಲು ಹಾಸಲು, ಮೆಟ್ಟಿಲು ಕಟ್ಟಲು, ಕಾಲುವೆ ತಿದ್ದಲು, ಪಾತಿ ಮಾಡಲು ಮಂಡ್ಯದ ಎಷ್ಟು ಮಂದಿ ಸಿದ್ಧರಿರುತ್ತಾರೆ ಎಂಬ ಪ್ರಶ್ನೆಯನ್ನು ವಾಣಿಜ್ಯ ಸಮುದಾಯವು ಈಗಲೇ ಕೇಳಿಕೊಳ್ಳುವುದು ಒಳಿತು. ಕೆಲಸ ಬಂದ ಮೇಲೆ ಕಲಿಸಲು ಹೊರಟರೆ, ಕಲಿತು ಮುಗಿಯುವಷ್ಟರಲ್ಲಿ ಕೆಲಸವೂ ಮುಗಿದಿರುತ್ತದೆ.

ನೆಲವೇ ಗುರುವಾದ ಉದಾಹರಣೆಗಳು

ಭೂದೃಶ್ಯ ವಿನ್ಯಾಸವೆಂದೊಡನೆ ಕಂಪ್ಯೂಟರಿನ ಮೇಲೆ ಬಣ್ಣಬಣ್ಣದ ನಕ್ಷೆ ತೆಗೆಯುವ ವಿದ್ಯೆ ಎಂಬ ಭಾವನೆ ಮೂಡುವುದು ಸಹಜ. ನಕ್ಷೆ ಅವಶ್ಯಕ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಕ್ಷೆಯಲ್ಲಿ ಮಣ್ಣು ಕುಸಿಯುವುದಿಲ್ಲ, ಕಲ್ಲಿಗೆ ತೂಕವಿರುವುದಿಲ್ಲ, ನೀರು ಬರೆದ ಗೆರೆಯಲ್ಲಿಯೇ ಹರಿಯುತ್ತದೆ. ಅಂಗಳದಲ್ಲಿ ಇವೆಲ್ಲವೂ ತಮ್ಮ ಸ್ವಭಾವವನ್ನು ತೋರಿಸುತ್ತವೆ. ಸಾಮಗ್ರಿಯ ಸ್ವಭಾವವನ್ನು ಅರಿಯದವನ ವಿನ್ಯಾಸವು ಅಡುಗೆಮನೆಯನ್ನು ಹೊಕ್ಕದವನು ಬರೆದ ಪಾಕಪುಸ್ತಕದಂತಾಗುತ್ತದೆ.

ಇದಕ್ಕೆ ಮಳವಳ್ಳಿ ತಾಲ್ಲೂಕಿನಲ್ಲಿಯೇ ನಿದರ್ಶನವಿದೆ. ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಊರಿನ ಸಮೀಪದ ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳ ಬಾಯಾರಿಕೆಗೆ ನೀರಿಲ್ಲವೆಂದು ಕಂಡು, ದಶಕಗಳ ಕಾಲ ಒಂದರ ನಂತರ ಒಂದರಂತೆ ಕಟ್ಟೆಗಳನ್ನು ತೋಡಿದರು. 2020ರ ಜೂನ್ ತಿಂಗಳ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಅವರ ಹದಿನಾರು ಕಟ್ಟೆಗಳ ಕಾರ್ಯವನ್ನು ಪ್ರಸ್ತಾಪಿಸಿದ ಮೇಲೆ ಅವರ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. 2022ರ ಅಕ್ಟೋಬರ್‌ನಲ್ಲಿ ಅವರು ನಿಧನರಾದರು. ಅವರನ್ನು ಪರಿಸರಪ್ರೇಮಿ ಎಂದು ಹೊಗಳಿದವರು ಬಹಳ ಮಂದಿ. ಅವರ ಕಸುಬುದಾರಿಕೆಯ ಬಗ್ಗೆ ಮಾತನಾಡಿದವರು ಕಡಿಮೆ. ಬೆಟ್ಟದ ಇಳಿಜಾರಿನಲ್ಲಿ ನೀರು ಎಲ್ಲಿ ಇಳಿದು ಎಲ್ಲಿ ತಂಗುತ್ತದೆ, ಎಲ್ಲಿ ಅಗೆದರೆ ಮಣ್ಣು ನಿಲ್ಲುತ್ತದೆ ಎಂಬುದನ್ನು ತಿಳಿಯದೆ ಕಟ್ಟೆ ತೋಡಿದರೆ ಅದರಲ್ಲಿ ನೀರು ನಿಲ್ಲುವುದಿಲ್ಲ. ಭೂದೃಶ್ಯ ವಿನ್ಯಾಸದ ಯಾವುದೇ ಪಠ್ಯದ ಮೊದಲ ಅಧ್ಯಾಯ ಇದೇ ಆಗಿರುತ್ತದೆ. ಕಾಮೇಗೌಡರು ಅದನ್ನು ಗುದ್ದಲಿ ಹಿಡಿದು, ಕುರಿಗಳ ಹಿಂದೆ ನಡೆದು ಕಲಿತರು.

ಬೃಂದಾವನದ ಇತಿಹಾಸವೂ ಇದನ್ನೇ ಹೇಳುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆತ ಸುರ್ಕಿ ಗಾರೆಯಿಂದ ಕಟ್ಟಲಾಯಿತು. ಅದರ ಬುಡದಲ್ಲಿ 1927ರಿಂದ 1932ರ ಅವಧಿಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಉದ್ಯಾನ ರೂಪುಗೊಂಡಿತು. ಅದರ ವಿನ್ಯಾಸದ ಹಿಂದೆ ಇದ್ದವರು ಲಾಲ್‌ಬಾಗ್‌ನ ಜಿ.ಎಚ್. ಕ್ರುಂಬಿಗಲ್. ಅವರು ಜರ್ಮನಿಯಲ್ಲಿ ತೋಟಗಾರಿಕೆ ಕಲಿತು, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, ಬರೋಡ ಸಂಸ್ಥಾನದ ಸೇವೆಯಲ್ಲಿದ್ದು, ಬಳಿಕ 1908ರಲ್ಲಿ ಮೈಸೂರಿಗೆ ಬಂದವರು. ಅಂದರೆ ಕೈಕೆಲಸದ ದಾರಿಯಿಂದ ವಿನ್ಯಾಸಕ್ಕೆ ಏರಿದವರು. ಬೃಂದಾವನದಲ್ಲಿ ಹೂಗಿಡಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಹಂತ ಹಂತವಾಗಿ ಇಳಿಯುವ ನೆಲ, ಅದನ್ನು ಹಿಡಿದಿಟ್ಟ ಕಲ್ಲಿನ ಗೋಡೆ, ಮೆಟ್ಟಿಲು ಮತ್ತು ನೀರಿನ ಕಾಲುವೆ. ಹೂವು ವರ್ಷಕ್ಕೊಮ್ಮೆ ಬದಲಾಗಬಹುದು. ನೆಲದ ಮಟ್ಟ ತಪ್ಪಿದ್ದರೆ ಆ ಉದ್ಯಾನವು ತೊಂಬತ್ತು ವರ್ಷ ಉಳಿಯುತ್ತಿರಲಿಲ್ಲ. ಇಂತಹ ಪಾಠಶಾಲೆ ಜಿಲ್ಲೆಯೊಳಗೇ ಇದ್ದರೂ ಮಂಡ್ಯದ ಯುವಕರು ಅಲ್ಲಿಗೆ ಪ್ರವಾಸಿಗಳಾಗಿ ಹೋಗುತ್ತಾರೆಯೇ ಹೊರತು ಕಲಿಯುವವರಾಗಿ ಹೋಗುವುದು ಅಪರೂಪ.

ಕ್ರುಂಬಿಗಲ್ ಹುಟ್ಟಿದ ಜರ್ಮನಿಯಲ್ಲಿ ಇಂದು ಉದ್ಯಾನ ಮತ್ತು ಭೂದೃಶ್ಯ ನಿರ್ಮಾಣವು ಮೂರು ವರ್ಷಗಳ ಮಾನ್ಯತೆ ಪಡೆದ ಕಸುಬು. ಕಲಿಯುವವನು ವಾರದ ಬಹುಪಾಲು ದಿನಗಳನ್ನು ಉದ್ದಿಮೆಯೊಂದರಲ್ಲಿ ಕೆಲಸ ಮಾಡುತ್ತ, ಉಳಿದ ಅವಧಿಯಲ್ಲಿ ಶಾಲೆಗೆ ಹೋಗುತ್ತಾನೆ. ಕಲ್ಲು ಹಾಸುವುದು, ಗೋಡೆ ಕಟ್ಟುವುದು ಮತ್ತು ಗಿಡ ನೆಡುವುದು ಒಂದೇ ಕಸುಬಿನ ಅಂಗಗಳಾಗಿವೆ. ‘ವರ್ಲ್ಡ್ ಸ್ಕಿಲ್ಸ್’ ಎಂಬ ಅಂತರರಾಷ್ಟ್ರೀಯ ಕೌಶಲ ಸ್ಪರ್ಧೆಯಲ್ಲಿ ಭೂದೃಶ್ಯ ತೋಟಗಾರಿಕೆಯೂ ಒಂದು ವಿಭಾಗ. ಇಬ್ಬರ ತಂಡವು ಕಲ್ಲು, ಮರ, ನೀರು, ಗಿಡಗಳಿಂದ ನಿಜವಾದ ಉದ್ಯಾನವನ್ನೇ ಅಲ್ಲಿ ಕಟ್ಟಿ ತೋರಿಸಬೇಕು.

ಇನ್ನು ಭಾರತದಲ್ಲಿಯೇ ನೋಡುವುದಾದರೆ, ಚಂಡೀಗಢದ ರಾಕ್ ಗಾರ್ಡನ್ ನಿರ್ಮಿಸಿದ ನೇಕ್ ಚಂದ್ ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಕೆಡವಿದ ಕಟ್ಟಡಗಳ ಅವಶೇಷ, ಒಡೆದ ಪಿಂಗಾಣಿ, ಟೈಲ್ಸ್ ಚೂರುಗಳಿಂದಲೇ 1950ರ ದಶಕದಲ್ಲಿ ಅವರು ಆರಂಭಿಸಿದ ಉದ್ಯಾನವು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಲಿಕೆಗೆ ಬೆಲೆಬಾಳುವ ಸಾಮಗ್ರಿಯೇ ಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ.

ಒಂದು ಅಂಗಳದ ಲೆಕ್ಕ

ವ್ಯಾಪಾರಿಗೆ ಲೆಕ್ಕದ ಭಾಷೆ ಬೇಗ ಅರ್ಥವಾಗುತ್ತದೆ. ಒಂದು ಸಾವಿರ ಚದರಡಿಯ ಅಂಗಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಪೇವರ್ ಬ್ಲಾಕ್‌ಗಳಿಗೆ ಸಂಬಂಧಿಸಿದಂತೆ 2006ರಲ್ಲಿ ಪ್ರಕಟವಾದ ಭಾರತೀಯ ಮಾನಕ 15658, ಕಾಲ್ನಡಿಗೆಯ ಜಾಗಕ್ಕೆ 50 ಮಿ.ಮೀ., ಲಘು ವಾಹನಗಳಿಗೆ 60 ಮಿ.ಮೀ., ಮಧ್ಯಮ ಸಂಚಾರಕ್ಕೆ 80 ಮಿ.ಮೀ. ಹೀಗೆ ಬಳಕೆಗೆ ತಕ್ಕಂತೆ ದಪ್ಪ ಮತ್ತು ಕಾಂಕ್ರೀಟಿನ ದರ್ಜೆಯನ್ನು ವಿಂಗಡಿಸಿತು. ಗಿರಾಕಿ ಸಾಮಾನ್ಯವಾಗಿ ಬಣ್ಣ ಮತ್ತು ಬೆಲೆಯನ್ನು ಕೇಳುತ್ತಾನೆ, ದಪ್ಪವನ್ನು ಕೇಳುವುದಿಲ್ಲ. ಹಾಸುವವನಿಗೂ ಅದರ ಅರಿವಿಲ್ಲದಿದ್ದರೆ ಕಾಲ್ನಡಿಗೆಯ ಬ್ಲಾಕಿನ ಮೇಲೆ ಕಬ್ಬಿನ ಲಾರಿ ನಿಲ್ಲುತ್ತದೆ.

ಬ್ಲಾಕಿನ ಕೆಳಗೆ 30 ಮಿ.ಮೀ. ಮರಳಿನ ಹಾಸು ಬೇಕೆಂದರೆ ಸಾವಿರ ಚದರಡಿಗೆ ಸುಮಾರು 100 ಘನ ಅಡಿ ಮರಳಾಗುತ್ತದೆ. ಅದರ ಕೆಳಗೆ ಆರು ಅಂಗುಲದ ಜಲ್ಲಿಯ ತಳಪದರವೆಂದರೆ 500 ಘನ ಅಡಿ. ಖರ್ಚು ಉಳಿಸಲು ಗಿರಾಕಿ ಕೈಬಿಡುವುದು ಕಣ್ಣಿಗೆ ಕಾಣದ ಈ ತಳಪದರವನ್ನೇ. ಅದನ್ನು ಪದರ ಪದರವಾಗಿ ಹರಡಿ, ನೀರು ಹಾಯಿಸಿ, ದಮ್ಮಸ್ಸು ಮಾಡದೆ ಬಿಟ್ಟಾಗ ಕುಸಿತ ಆರಂಭವಾಗುತ್ತದೆ. ತಳಪದರದ ಅಗತ್ಯವನ್ನು ಗಿರಾಕಿಗೆ ಮನವರಿಕೆ ಮಾಡಿಕೊಡಬಲ್ಲ ಕಸುಬುದಾರನೊಬ್ಬನು ಊರಿನಲ್ಲಿದ್ದರೆ, ಜಲ್ಲಿ ಮಾರುವವನಿಗೆ ಪ್ರಾಮಾಣಿಕವಾಗಿಯೇ 500 ಘನ ಅಡಿಯ ವ್ಯಾಪಾರ ಹೆಚ್ಚುತ್ತದೆ, ಗಿರಾಕಿಯ ಅಂಗಳವೂ ಉಳಿಯುತ್ತದೆ.

ಇನ್ನು ನೀರು. ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದರೂ ಸಾವಿರ ಚದರಡಿಯ ಮೇಲೆ 900 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮಂಡ್ಯದ ವಾರ್ಷಿಕ ಸರಾಸರಿ ಮಳೆಯನ್ನು 700 ಮಿ.ಮೀ. ಆಸುಪಾಸು ಎಂದು ಹಿಡಿದರೆ ಅದು ವರ್ಷಕ್ಕೆ 65,000 ಲೀಟರ್. ಆ ನೀರು ಪಾಯದ ಕಡೆಗೆ ಹೋಗಬೇಕೋ, ಬೀದಿಗೆ ಹೋಗಬೇಕೋ, ಇಂಗುಗುಂಡಿಗೆ ಹೋಗಬೇಕೋ ಎಂಬುದನ್ನು ತೀರ್ಮಾನಿಸುವುದು ನೆಲದ ವಾಟ. ಅರವತ್ತಕ್ಕೆ ಒಂದರಂತೆ ವಾಟ ಕೊಟ್ಟರೆ ಇಪ್ಪತ್ತು ಅಡಿಗೆ ನಾಲ್ಕು ಅಂಗುಲ ಇಳಿಜಾರು ಸಿಗುತ್ತದೆ. ಇದನ್ನು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಬಹುದು. ದಾರ ಕಟ್ಟಿ, ನೀರಿನ ಟ್ಯೂಬ್ ಹಿಡಿದು, ಅಂಗಳದ ಎಲ್ಲ ಕಡೆಯೂ ಅದೇ ವಾಟವನ್ನು ತರುವುದು ಹತ್ತು ಸಲ ತಪ್ಪಿದ ಮೇಲೆ ಮಾತ್ರ ಬರುವ ವಿದ್ಯೆ. ಆ ಹತ್ತು ತಪ್ಪುಗಳು ಗಿರಾಕಿಯ ಅಂಗಳದಲ್ಲಿ ಆಗಬೇಕೋ, ಕಲಿಕೆಯ ಅಂಗಳದಲ್ಲಿ ಆಗಬೇಕೋ ಎಂಬುದೇ ಇಲ್ಲಿನ ಪ್ರಶ್ನೆ.

ಮೂರು ತಾಲ್ಲೂಕುಗಳ ನೆಲವೂ ಒಂದೇ ಬಗೆಯದಲ್ಲ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ತಗ್ಗು ಪ್ರದೇಶಗಳಲ್ಲಿ ಜವುಗಿನ ಸಮಸ್ಯೆ ಇದೆ. ನಾಲೆಯಲ್ಲಿ ನೀರು ಬಿಟ್ಟಾಗ ನೆಲದಡಿಯ ನೀರು ಮೇಲೇರುವ ಇಂತಹ ಕಡೆ ಇಂಗುಗುಂಡಿ ತೋಡಿದರೆ ನೀರು ಇಂಗುವ ಬದಲು ಉಕ್ಕುತ್ತದೆ. ಮಳವಳ್ಳಿಯ ಕಡೆಯ ದಿಣ್ಣೆಯ ಕೆಮ್ಮಣ್ಣಿನಲ್ಲಿ, ನಾಲೆಯ ಕೊನೆಯ ಭಾಗದಲ್ಲಿ, ಅದೇ ಗುಂಡಿ ವರದಾನವಾಗುತ್ತದೆ. ದೂರದ ಊರಿನಿಂದ ಬಂದ ಗುತ್ತಿಗೆದಾರನು ಎರಡೂ ಕಡೆ ಒಂದೇ ನಕ್ಷೆಯನ್ನು ಹಾಸುವ ಅಪಾಯವಿದೆ. ಸ್ಥಳೀಯನಿಗೆ ಇರುವ ಅನುಕೂಲವೆಂದರೆ ಈ ವ್ಯತ್ಯಾಸದ ಅರಿವು.

ಕಲಿಕೆಯ ಅಂಗಳ ಹೇಗಿರಬೇಕು

ಇದಕ್ಕೆ ದೊಡ್ಡ ಕಟ್ಟಡ, ದೊಡ್ಡ ಅನುದಾನ ಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ತಲಾ ಒಂದು ಬಯಲು ಜಾಗ, ನೀರಿನ ಒಂದು ನಲ್ಲಿ, ಸಲಕರಣೆ ಇಡಲು ಒಂದು ಶೆಡ್ಡು ಸಾಕು. ಬ್ಲಾಕ್ ತಯಾರಕರ ಬಳಿ ಮೂಲೆ ಒಡೆದ ಪೇವರ್‌ಗಳು, ಕಲ್ಲಿನ ವ್ಯಾಪಾರಿಗಳ ಬಳಿ ಅಳತೆ ತಪ್ಪಿದ ಸೈಜುಗಲ್ಲು ಮತ್ತು ಚಪ್ಪಡಿ ತುಂಡುಗಳು, ಇಟ್ಟಿಗೆ ಗೂಡುಗಳಲ್ಲಿ ಅತಿಯಾಗಿ ಬೆಂದ ಇಟ್ಟಿಗೆಗಳು ಹೇಗೂ ಉಳಿಯುತ್ತವೆ. ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್, ಮದ್ದೂರಿನ ಎಳನೀರು ಮಾರುಕಟ್ಟೆಯ ಬುರುಡೆ ಮತ್ತು ತೆಂಗಿನ ನಾರಿನ ಪುಡಿ ಮಣ್ಣಿನ ಗುಣ ತಿದ್ದಲು ಒದಗುತ್ತವೆ. ಒಬ್ಬರಿಗೆ ಕಸವಾದುದು ಇನ್ನೊಬ್ಬರಿಗೆ ಪಾಠದ ಸಾಮಗ್ರಿ.

ಆರು ತಿಂಗಳ ಕಲಿಕೆಯನ್ನು ಆರು ಅಭ್ಯಾಸಗಳಾಗಿ ವಿಂಗಡಿಸಬಹುದು. ಮೊದಲನೆಯದು ಮಟ್ಟ: ದಾರ, ರಸಮಟ್ಟ, ನೀರಿನ ಟ್ಯೂಬ್ ಬಳಸಿ ನೆಲವನ್ನು ಅಳೆದು ವಾಟ ತರುವುದು. ಎರಡನೆಯದು ಹಾಸು: ತಳಪದರ, ಮರಳು, ಪೇವರ್ ಮತ್ತು ಚಪ್ಪಡಿ, ಅವನ್ನು ಹಿಡಿದಿಡುವ ಅಂಚುಗಲ್ಲು. ಮೂರನೆಯದು ಗೋಡೆ: ಗಾರೆಯಿಲ್ಲದೆ ಕಲ್ಲು ಹೊಂದಿಸುವುದು, ಮಣ್ಣಿನ ಒತ್ತಡ ತಡೆಯುವ ಗೋಡೆ, ಅದರಲ್ಲಿ ನೀರು ಜಿನುಗಲು ತೂತು ಬಿಡುವುದು. ನಾಲ್ಕನೆಯದು ನೀರು: ಚರಂಡಿ, ಇಂಗುಗುಂಡಿ, ಸಣ್ಣ ಕೊಳ. ಐದನೆಯದು ಮಣ್ಣು ಮತ್ತು ಗಿಡ: ಯಾವ ಮರದ ಬೇರು ಹಾಸನ್ನು ಎತ್ತುತ್ತದೆ, ಯಾವುದಕ್ಕೆ ಎಷ್ಟು ಅಂತರ ಬೇಕು, ಹೊಂಗೆ ಬೇವು ನೇರಳೆಗಳಿಗೆ ಎಂಥ ನೆಲೆ ಸೂಕ್ತ ಎಂಬುದು. ಆರನೆಯದು ಲೆಕ್ಕ ಮತ್ತು ನಕ್ಷೆ: ತಾನು ಕಟ್ಟಿದುದನ್ನು ಅಳೆದು ಕಾಗದದ ಮೇಲೆ ಇಳಿಸುವುದು, ಸಾಮಗ್ರಿಯ ಪ್ರಮಾಣ ಮತ್ತು ದರಪಟ್ಟಿ ಸಿದ್ಧಪಡಿಸುವುದು. ಇಲ್ಲಿ ನಕ್ಷೆ ಕೊನೆಗೆ ಬರುವುದು ಉದ್ದೇಶಪೂರ್ವಕ. ಕಟ್ಟಿ ನೋಡಿದವನು ಬರೆದ ಗೆರೆಗೆ ತೂಕವಿರುತ್ತದೆ.

ಪ್ರತಿ ಅಭ್ಯಾಸದ ಕೊನೆಗೆ ಕಟ್ಟಿದುದನ್ನು ಬಿಚ್ಚಿ, ಸಾಮಗ್ರಿಯನ್ನು ಮುಂದಿನ ತಂಡಕ್ಕೆ ಜೋಡಿಸಿಡಬೇಕು. ಬಿಚ್ಚುವಾಗಲೂ ಪಾಠವಿದೆ. ಎಲ್ಲಿ ಮರಳು ಸೋರಿತು, ಎಲ್ಲಿ ಜಲ್ಲಿ ಸಡಿಲವಾಗಿತ್ತು ಎಂಬುದು ಬಿಚ್ಚಿದಾಗಲೇ ಕಾಣುವುದು. ಕಲಿಸುವವರಾಗಿ ಊರಿನ ಅನುಭವಿ ಗಾರೆ ಮೇಸ್ತ್ರಿಗಳು, ಕಲ್ಲುಕುಟಿಗರು, ನರ್ಸರಿಯವರು ಇರಬೇಕು, ಅವರಿಗೆ ಗೌರವಧನ ಸಲ್ಲಬೇಕು. ಲೆಕ್ಕ ಮತ್ತು ನಕ್ಷೆಗೆ ಪಾಲಿಟೆಕ್ನಿಕ್ ಹಾಗೂ 1962ರಲ್ಲಿ ಸ್ಥಾಪನೆಯಾದ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಅಧ್ಯಾಪಕರ ನೆರವನ್ನೂ, ಮಣ್ಣು ಮತ್ತು ಗಿಡಕ್ಕೆ ವಿ.ಸಿ. ಫಾರಂನ ಕೃಷಿ ತಜ್ಞರ ನೆರವನ್ನೂ ಕೋರಬಹುದು. ಕಲಿಯುವವರಿಗೂ ಲಾಭ, ಎಂದೂ ಕರಣೆ ಹಿಡಿಯದೆ ಪದವಿ ಪಡೆಯುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಲಾಭ.

ಹಣ ಎಲ್ಲಿಂದ?

ಕಾನೂನು ಮತ್ತು ಯೋಜನೆಗಳ ಬೆಂಬಲ ಇಲ್ಲದೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ಆದ ನಿಯಮಗಳ ತಿದ್ದುಪಡಿಯು ಮೂವತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದನ್ನು ಕಡ್ಡಾಯಗೊಳಿಸಿತು. ನಾಲ್ಕರಿಂದ ಇಪ್ಪತ್ತೊಂಬತ್ತು ಮಂದಿ ಇರುವ ಸಣ್ಣ ಸಂಸ್ಥೆಗಳಿಗೂ ಐಚ್ಛಿಕವಾಗಿ ಅವಕಾಶ ನೀಡಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಶೇಕಡ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಗಳವರೆಗೆ, ಕೇಂದ್ರ ಸರ್ಕಾರವೇ ಭರಿಸುವ ಏರ್ಪಾಡಾಯಿತು. ಬ್ಲಾಕ್ ತಯಾರಿಕೆಯ ಘಟಕಗಳು ಮತ್ತು ದೊಡ್ಡ ನರ್ಸರಿಗಳು ಈ ಬಾಗಿಲನ್ನು ತಟ್ಟಬಹುದು. ಐ.ಟಿ.ಐ. ಪಠ್ಯಕ್ರಮದಲ್ಲಿ ಗಾರೆ ಕೆಲಸವೂ ಇದೆ, ಪುಷ್ಪಕೃಷಿ ಮತ್ತು ಲ್ಯಾಂಡ್‌ಸ್ಕೇಪಿಂಗ್ ಎಂಬ ಒಂದು ವರ್ಷದ ಪ್ರತ್ಯೇಕ ವೃತ್ತಿಯೂ ಇದೆ. ಇವೆರಡನ್ನೂ ಒಂದೇ ಅಂಗಳದಲ್ಲಿ ಕೂಡಿಸುವ ಕೆಲಸ ಬಾಕಿಯಿದೆ.

2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಗಾರೆ ಕೆಲಸ ಮತ್ತು ಕಲ್ಲಿನ ಕೆಲಸ ಸೇರಿವೆ. ಐದರಿಂದ ಏಳು ದಿನಗಳ ಮೂಲ ತರಬೇತಿ, ಆ ಅವಧಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು ಮತ್ತು ರಿಯಾಯಿತಿ ಬಡ್ಡಿಯ ಸಾಲವನ್ನು ಯೋಜನೆ ಒಳಗೊಂಡಿದೆ. ಐದಾರು ದಿನಗಳಲ್ಲಿ ಸಲಕರಣೆಯ ಪರಿಚಯವಾಗಬಹುದು, ಕಣ್ಣಳತೆ ಬರುವುದಿಲ್ಲ. ಆ ಕೊರತೆಯನ್ನು ತುಂಬುವುದು ಕಲಿಕೆಯ ಅಂಗಳದ ಪಾತ್ರ.

ಎತ್ತಬಹುದಾದ ಆಕ್ಷೇಪಗಳು

ಕಲಿತ ಹುಡುಗರು ಬೆಂಗಳೂರಿಗೆ ಹೋಗಿಬಿಡುತ್ತಾರೆ ಎಂಬುದು ಮೊದಲ ಆಕ್ಷೇಪ. ಕೆಲವರು ಹೋಗುವುದು ನಿಶ್ಚಿತ. ಆದರೆ ಕಲಿಯದಿದ್ದರೂ ಅವರು ಹೋಗುತ್ತಿದ್ದಾರೆ, ದಿನಗೂಲಿಗೆ. ಕಸುಬು ಕಲಿತು ಹೋದವನು ನಾಳೆ ಸಾಮಗ್ರಿ ಬೇಕಾದಾಗ ತನಗೆ ಪರಿಚಯವಿರುವ ಊರಿನ ವರ್ತಕನನ್ನೇ ನೆನೆಯುವ ಸಾಧ್ಯತೆ ಇದೆ.

ತಾನು ಸಾಮಗ್ರಿ ಕೊಟ್ಟು ಕಲಿಸಿದವನು ಎದುರಿನ ಅಂಗಡಿಯಿಂದ ಸರಕು ಕೊಂಡರೇನು ಗತಿ ಎಂಬುದು ಎರಡನೆಯದು. ಇದು ನ್ಯಾಯವಾದ ಆತಂಕವೇ. ಈ ಕಾರಣಕ್ಕಾಗಿಯೇ ಒಬ್ಬ ವರ್ತಕನು ಇದನ್ನು ಏಕಾಂಗಿಯಾಗಿ ಮಾಡಲಾರ. ಮಂಡಳಿಯಂತಹ ಸಂಘಟನೆಯ ಮೂಲಕ ಎಲ್ಲರೂ ಪಾಲು ಹಾಕಿ ಮಾಡಬೇಕು. ಊರಿನಲ್ಲಿ ಹಾಸಿದ ಪ್ರತಿಯೊಂದು ಅಂಗಳವೂ ಕುಸಿಯದೆ ನಿಂತರೆ ಅದರ ಹೆಸರು ಎಲ್ಲ ವರ್ತಕರಿಗೂ ಸಲ್ಲುತ್ತದೆ.

ಸಾಮಗ್ರಿಯೇ ದುರ್ಲಭವಾಗುತ್ತಿರುವಾಗ ಕಲಿಕೆಗೆ ವ್ಯಯಿಸುವುದೇಕೆ ಎಂಬ ಮಾತೂ ಬರಬಹುದು. ಕೃಷ್ಣರಾಜಸಾಗರದ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ಒಡ್ಡಿದಾಗ ಕಲ್ಲು ಮತ್ತು ಜಲ್ಲಿಯನ್ನು ನಂಬಿದವರಿಗೆ ಒಂದು ಎಚ್ಚರಿಕೆ ದೊರೆಯಿತು. ಬೆಟ್ಟದಿಂದ ಎಷ್ಟು ಬೇಕಾದರೂ ಕಲ್ಲು ಬರುತ್ತದೆಂಬ ಕಾಲ ಉಳಿದಿಲ್ಲ. ಹಾಗಿರುವಾಗ ಕಡಿಮೆ ಕಲ್ಲಿನಲ್ಲಿ ಹೆಚ್ಚು ಬಾಳುವ ಕೆಲಸ ಮಾಡುವ, ಬಿಚ್ಚಿದ ಕಲ್ಲನ್ನು ಮತ್ತೆ ಬಳಸುವ ಕೌಶಲಕ್ಕೆ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸರಕು ಅಗ್ಗವಾಗಿದ್ದಾಗ ಅಜ್ಞಾನವನ್ನು ಸಹಿಸಬಹುದಿತ್ತು.

ಉದ್ಯಾನವು ಉಳ್ಳವರ ಅಲಂಕಾರವೆಂಬ ಆಕ್ಷೇಪಕ್ಕೆ ಮೇಲಿನ ನೀರಿನ ಲೆಕ್ಕವೇ ಉತ್ತರ. ಸರ್ಕಾರಿ ಶಾಲೆಯ ಅಂಗಳದಲ್ಲಿ ಮಳೆನೀರು ನಿಂತು ಮಕ್ಕಳು ಕೆಸರಿನಲ್ಲಿ ಸಾಲು ನಿಲ್ಲುವುದು ಅಲಂಕಾರದ ಪ್ರಶ್ನೆಯಲ್ಲ. ಕಲಿಕೆಯ ಪ್ರತಿ ತಂಡವೂ ತನ್ನ ಆರನೆಯ ತಿಂಗಳಿನಲ್ಲಿ ಇಂತಹ ಒಂದು ಶಾಲೆಯ ಅಂಗಳವನ್ನೋ, ಸಂತೆಮಾಳದ ಒಂದು ಮೂಲೆಯನ್ನೋ ಸರಿಪಡಿಸಿ ಕೊಡುವುದಾದರೆ ಅದೇ ಅವರ ಪರೀಕ್ಷೆಯೂ ಆಗುತ್ತದೆ. ಅಂಕ ಕೊಡುವ ಕೆಲಸವನ್ನು ಮುಂದಿನ ಮುಂಗಾರಿಗೆ ಬಿಡಬಹುದು.

ಈ ಭಾಗದ ಜನ ಅಣೆಕಟ್ಟೆ, ನಾಲೆ, ಕಟ್ಟೆ, ಕಲ್ಯಾಣಿಗಳ ನಡುವೆ ಬೆಳೆದವರು. ನೀರಿಗೆ ದಾರಿ ತೋರಿಸುವ ವಿದ್ಯೆ ಅವರಿಗೆ ಹೊಸದಲ್ಲ, ಅದಕ್ಕೆ ಇಂದಿನ ಸಾಮಗ್ರಿಯ ಅರಿವು ಮತ್ತು ಇಂದಿನ ಮಾರುಕಟ್ಟೆಯ ಹೆಸರು ಸೇರಬೇಕಾಗಿದೆ. ಮೂರು ತಾಲ್ಲೂಕುಗಳ ವರ್ತಕರು ಮತ್ತು ತಯಾರಕರು ಒಂದು ಜಾಗ, ನಾಲ್ಕು ಲೋಡು ಉಳಿಕೆ ಸಾಮಗ್ರಿ ಹಾಗೂ ಇಬ್ಬರು ಮೇಸ್ತ್ರಿಗಳ ಗೌರವಧನವನ್ನು ಒಗ್ಗೂಡಿಸಿದರೆ ಮೊದಲ ತಂಡವನ್ನು ಆರಂಭಿಸಬಹುದು. ಮುಂಗಾರಿಗೆ ಮುನ್ನ ಮಟ್ಟದ ಪಾಠ ಮುಗಿದಿದ್ದರೆ, ವಾಟ ಸರಿಯೋ ತಪ್ಪೋ ಎಂಬುದನ್ನು ಮೊದಲ ಮಳೆಯೇ ಹೇಳುತ್ತದೆ.